ಸಾವಿನ ಮನೆಯ ಉಮೇದುವಾರ

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ದಿನಕರ್ಮಗಳೆಲ್ಲ ಮುಗಿದು, ಬೆಟಗೇರಿಯ ಆ ಮನೆಯಲ್ಲಿ ಮಗ್ಗದ ಸದ್ದು ಮತ್ತೆ ಶುರುವಾಗಿತ್ತು. ಅವರಿದ್ದಿದ್ದರೆ ನನಗೆ ಛೀಮಾರಿ ಹಾಕುತ್ತಿದ್ದರು. "ತಡಾ ಮಾಡಿ ಮಾತಾಡ್ಸಾಕ ಹೋಗೂದು ಅಂದ್ರ ಇಂಟರ್‌ವ್ಯೂ ಮುಗದ ಮ್ಯಾಲೆ ಅರ್ಜಿ ಹಾಕಿದಂಗ" ಎನ್ನುವುದು ಅವರ ಮಾತು. ಅವರ ಹೆಂಡತಿ ಚಹಾ ತಂದಿಟ್ಟು, "ಈಗ ಬಂದ್ರೇನ್ರಿ? ಅವ್ರಿದ್ರ ಸಿಟ್ಟಾಗ್ತಿದ್ರು ನೋಡ್ರಿ" ಎಂದು ನಕ್ಕುಬಿಟ್ಟರು. ಗಂಡ ಸತ್ತಾಗ ನಕ್ಕಳಲ್ಲ ಎಂದು ಯಾರೂ ತಪ್ಪು ತಿಳಿಯಬಾರದು. ಸಾವಿನ ಮನೆ ಎಂದರೆ ಆ ದಂಪತಿಗೆ ಅರ್ಧ ಆಯುಷ್ಯ ಆಫೀಸಿದ್ದ ಹಾಗಿತ್ತು. ಒಬ್ಬರು ಹೋಗಿ ಬರುವುದು, ಇನ್ನೊಬ್ಬರು ಹಿತ್ತಲ ಬಾಗಿಲಲ್ಲಿ ಬಿಸಿನೀರಿಟ್ಟು ಕಾಯುವುದು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಗದಗಿನ ಒಂದು ಖಾಸಗಿ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಟೆಂಪರರಿಯಾಗಿ ಸೇರಿದೆ. ಅವರು ಅಲ್ಲಿ ಕಾಮರ್ಸಿನವರು, ನನಗಿಂತ ಹಳೆಯ ಟೆಂಪರರಿ. ಟೆಂಪರರಿ ಎಂದರೆ ಪರೀಕ್ಷೆ ಮುಗಿದ ಕೂಡಲೇ ಮನೆಗೆ ಕಳಿಸುವವರು. ಜೂನಿನಲ್ಲಿ ಕರೆದರೆ ಬರಬೇಕು, ಕರೆಯದಿದ್ದರೆ ಯಾಕೆಂದು ಕೇಳಬಾರದು. ಬೇಸಿಗೆಯಲ್ಲಿ ಅವರು ಅಣ್ಣನ ಪಕ್ಕದ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು. ಜೂನ್ ಬಂದೊಡನೆ ಇಸ್ತ್ರಿ ಮಾಡಿದ ಬುಶ್‌ಕೋಟು ತೊಟ್ಟು ಬ್ಯಾಲೆನ್ಸ್ ಶೀಟು ಕಲಿಸುತ್ತಿದ್ದರು. ಅವರ ಎಂ.ಕಾಂ. ಪದವಿಗೆ ವರ್ಷಕ್ಕೊಮ್ಮೆ ಹೀಗೆ ರಜೆ ಸಿಗುತ್ತಿತ್ತು.

ಆ ಕಾಲದ ಸಂದರ್ಶನಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ. ಉಳಿದವನ್ನು ಹೊತ್ತು ಕಳೆಯಲೆಂದು ಕೇಳುತ್ತಿದ್ದರು. "ನೀವು ಯಾರ ಪೈಕಿ?" ಎನ್ನುವುದು ಆ ಪ್ರಶ್ನೆ. ಅವರು ಯಾರ ಪೈಕಿಯೂ ಆಗಿರಲಿಲ್ಲ. ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಅಡತಿ ಅಂಗಡಿಯ ದಲಾಲರಿದ್ದರು, ಹತ್ತಿ ಜಿನ್ನಿನ ಮಾಲೀಕರಿದ್ದರು, ಇಬ್ಬರು ವಕೀಲರಿದ್ದರು. ಅವರೆಲ್ಲರ ಮನೆಯ ಹೆಂಗಸರು ಇವರ ಮನೆಯಲ್ಲಿ ನೇಯ್ದ ಸೀರೆ ಉಡುತ್ತಿದ್ದರು. ಆದರೆ ಅದು ಪೈಕಿಯಾಗುವುದಿಲ್ಲ. ಹಾಗಾಗಿ ಅವರು ತಮ್ಮದೇ ಒಂದು ಹಾದಿ ಮಾಡಿಕೊಂಡಿದ್ದರು. ಆಡಳಿತ ಮಂಡಳಿಯವರ ಮನೆಗಳಲ್ಲಿ, ಅವರ ಬೀಗರ ಮನೆಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲೇ ಆಗಲಿ, ಯಾರು ಸತ್ತರೂ ಮಣ್ಣಿಗೆ ಹೋಗುವುದು.

"ಮದುವಿ ಲೆಕ್ಕಕ್ಕಿಲ್ರಿ" ಎಂದು ಸ್ಟಾಫ್ ರೂಮಿನಲ್ಲಿ ನಮ್ಮಂಥ ಕಿರಿಯ ಟೆಂಪರರಿಗಳಿಗೆ ಪಾಠ ಹೇಳುತ್ತಿದ್ದರು. "ಮದುವ್ಯಾಗ ಸಾಹುಕಾರ ಬೀಗರನ್ನ ನೋಡ್ತಾನೋ, ಅಡಗಿ ನೋಡ್ತಾನೋ, ನಿಮ್ಮ ಮಾರಿ ನೋಡ್ತಾನೋ? ಸತ್ತ ಮನ್ಯಾಗ ಹಂಗಲ್ಲ. ಅಲ್ಲಿ ಸುಮ್ನ ಕುಂತಿರ್ತಾನ. ಬಂದವರ ಮಾರಿ ನೋಡೂದು ಬಿಟ್ರ ಬ್ಯಾರೆ ಉದ್ಯೋಗ ಇರಂಗಿಲ್ಲ. ಅವತ್ತು ನೋಡಿದ ಮಾರಿ ಸಾಯೋತನಕ ಮರೆಯಂಗಿಲ್ಲ."

"ಅಲ್ಲೇ ನೌಕರಿ ಕೇಳ್ತೀರೇನ್ರಿ?" ಎಂದು ನಾನು ಕೇಳಿದೆ.

ಅವರಿಗೆ ಮೈಮೇಲೆ ಬಂದಂತಾಯಿತು. "ಛೀ! ಕೇಳಿದ್ರ ಕೆಟ್ಟಿರಿ. ಕೇಳೂದಲ್ಲ, ಕಾಣೂದು."

ಕಾಣುವುದಕ್ಕೂ ಒಂದು ಶಿಸ್ತಿತ್ತು. ಗಂಜಿ ಹಾಕಿದ ಅಂಗಿ ತೊಡಬಾರದು. ಕೈಗಡಿಯಾರವನ್ನು ಊರು ಬರುವ ಮೊದಲೇ ಕಿಸೆಗೆ ಹಾಕಬೇಕು, ಇಲ್ಲವಾದರೆ ಬಸ್ಸಿನ ಟೈಮು ನೋಡಿಕೊಂಡು ಬಂದವನು ಎಂದುಕೊಳ್ಳುತ್ತಾರೆ. ತಲೆ ತಗ್ಗಿಸಿಕೊಂಡು ಒಳಗೆ ಹೋಗಬೇಕು, ಮನೆಯವರ ಎರಡೂ ಕೈ ಹಿಡಿಯಬೇಕು, ಸತ್ತವರ ಒಂದು ಗುಣ ಹೇಳಬೇಕು, ಕಂಬಕ್ಕೆ ಒರಗಿ ಕೂರಬೇಕು, ಊಟಕ್ಕೆ ಮೊದಲು ಎದ್ದುಬಿಡಬೇಕು. ಗುಣವನ್ನು ಮಾತ್ರ ಮೊದಲೇ ಊರಲ್ಲಿ ವಿಚಾರಿಸಿಕೊಳ್ಳಬೇಕು. ಶಿರಹಟ್ಟಿಯಲ್ಲೊಮ್ಮೆ ಅದಕ್ಕೆ ಸಮಯ ಸಿಗದೆ, ಸತ್ತ ಹಿರಿಯರ ದಾನಗುಣವನ್ನು ಎತ್ತಿ ಹಾಡಿದರಂತೆ. ಹಿರಿಯ ಮಗ ಕಣ್ಣೊರೆಸಿಕೊಂಡು ತಲೆಯೆತ್ತಿ, "ಯಾರಿಗೆ ಏನ ಕೊಟ್ಟಿದ್ದಾ ನಮ್ಮಪ್ಪ? ಹೆಸರ ಹೇಳ್ರಿ, ವಸೂಲ ಮಾಡೂಣು" ಎಂದನಂತೆ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ತಮ್ಮನ್ನು ನೋಡಿ ನಗುವುದು ಅವರಿಗೆ ಬರುತ್ತಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವುದನ್ನು ಓದಿದರೆ ಹಾಗನ್ನಿಸಲಿಕ್ಕಿಲ್ಲ.

ಒಂದು ವರ್ಷ ಸರಕಾರ ನಮ್ಮ ಕಾಲೇಜಿಗೆ ಕಾಮರ್ಸಿನಲ್ಲಿ ಒಂದು ಕಾಯಂ ಹುದ್ದೆ ಮಂಜೂರು ಮಾಡಿತು. ಅದನ್ನು ತುಂಬುವವರು ಚೇರಮನ್ ಸಾಹುಕಾರರು. ಅವರು ಲಕ್ಷ್ಮೇಶ್ವರದ ದೊಡ್ಡ ಕಾಳಿನ ವ್ಯಾಪಾರಿ. ಅದೇ ಚಳಿಗಾಲ ಸಾಹುಕಾರರ ತಾಯಿ ದಮ್ಮು ಹೆಚ್ಚಾಗಿ ಹುಬ್ಬಳ್ಳಿಯ ದವಾಖಾನೆ ಸೇರಿದರು. ನಮ್ಮವರಿಗೆ ಇನ್ನೇನು ಬೇಕು? ನಲವತ್ತು ದಾಟಿದ್ದರು, ಇನ್ನೊಂದೆರಡು ವರ್ಷ ಕಳೆದರೆ ಯಾವ ಕಾಲೇಜೂ ಅವರ ಅರ್ಜಿ ಮುಟ್ಟುವಂತಿರಲಿಲ್ಲ. ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರುಗಳಿಗೆಲ್ಲ ಹೇಳಿಟ್ಟಿದ್ದರು. ಒಂದು ಬೆಳಿಗ್ಗೆ ಗದಗ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ನಾವಿಬ್ಬರೂ ಮಿರ್ಚಿ ತಿನ್ನುತ್ತಿದ್ದಾಗ ಒಬ್ಬ ಕಂಡಕ್ಟರ್ ಬಂದು, "ಸರ್ರ, ಸಾಹುಕಾರ್ರ ಮನಿ ಮುಂದ ಮಂದಿ ತುಂಬೇತ್ರಿ. ದವಾಖಾನಿ ಗಾಡಿನೂ ನಿಂತೈತಿ. ಮುದುಕಿ ಹೋದಂಗ ಕಾಣ್ತೈತಿ" ಎಂದ.

ಅವರು ಕೈಯಲ್ಲಿದ್ದ ಮಿರ್ಚಿಯನ್ನು ಅರ್ಧಕ್ಕೇ ಬಿಟ್ಟರು. "ನಡೀರಿ" ಎಂದರು ನನಗೆ, "ಇಷ್ಟು ದಿವ್ಸ ಥಿಯರಿ ಕೇಳೀರಿ. ಪ್ರಾಕ್ಟಿಕಲ್ ತೋರಸ್ತೇನಿ."

ಹೂವಿನ ಹಾರ ಕಟ್ಟಿಸಿಕೊಂಡೆವು. ಸೇವಂತಿಗೆಯದೋ ಚೆಂಡು ಹೂವಿನದೋ ಈಗ ನೆನಪಿಲ್ಲ. ಚೆಂಡು ಹೂವು ಎಂದರೆ ಕಥೆಗೆ ಬಣ್ಣ ಚೆನ್ನಾಗಿ ಬರುತ್ತದೆ, ಅದಕ್ಕೇ ಅದಲ್ಲವೇನೋ ಎಂದು ಅನುಮಾನ. ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಿತ್ತು. ಶಿರಹಟ್ಟಿ ದಾಟಿದ ಮೇಲೆ ಗಡಿಯಾರ ಕಿಸೆಗೆ ಹೋಯಿತು.

ಸಾಹುಕಾರರ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ತಲೆ ತಗ್ಗಿಸಿ ನಡೆಯುವ ಮನುಷ್ಯ ಕಾಣುವುದು ಚಪ್ಪಲಿಗಳನ್ನಷ್ಟೇ. ಅವುಗಳ ಒಡೆಯರು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ನಗುತ್ತಿದ್ದುದು ಅವರಿಗೆ ಕಾಣಲಿಲ್ಲ. ನನಗೆ ಕಂಡಿತು. ಅಂಗಿ ಹಿಡಿದು ಎಳೆಯುವಷ್ಟರಲ್ಲಿ ಅವರು ಪಡಸಾಲೆ ಸೇರಿ ಸಾಹುಕಾರರ ಎರಡೂ ಕೈ ಹಿಡಿದಾಗಿತ್ತು.

"ಸಾಹುಕಾರ್ರ, ನಿಮ್ಮ ಅವ್ವ ಅಲ್ರಿ, ಇಡೀ ಲಕ್ಷ್ಮೇಶ್ವರದ ಅವ್ವ ಹ್ವಾದ್ಲು" ಎಂದು ಶುರು ಮಾಡಿದರು. ಆ ಅಳು ನಟನೆಯಾಗಿದ್ದರೆ ಒಳ್ಳೆಯ ನಟನೆ. ಪಡಸಾಲೆ ತಣ್ಣಗಾಯಿತು. ಮೂಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಒಬ್ಬ ಮುದುಕಿ ಬಟ್ಟಲಿನಿಂದ ಗಂಜಿ ಕುಡಿಯುತ್ತಿದ್ದಳು. ಹಿಂದಿನ ಸಂಜೆ ದವಾಖಾನೆಯಿಂದ ಬಿಡುಗಡೆಯಾಗಿ ಬಂದಿದ್ದಳು, ಕರೆತಂದ ಗಾಡಿ ಬೆಳಗಿನ ತನಕ ಅಲ್ಲೇ ಉಳಿದಿತ್ತು. ಮಂದಿ ಕೂಡಿದ್ದು ಅವಳನ್ನು ನೋಡಿ ಹೋಗಲು.

"ಯಾಂವಲೇ ಇಂವ?" ಎಂದಳು ಮುದುಕಿ.

"ನಮ್ಮ ಕಾಲೇಜಿನ ಮಾಸ್ತರವಾ" ಎಂದರು ಸಾಹುಕಾರರು. ಅವರ ಕೈ ಇನ್ನೂ ನಮ್ಮವರ ಕೈಯಲ್ಲೇ ಇತ್ತು.

"ನಾ ಸತ್ತೇನಿ ಅಂದಾ?"

ನಮ್ಮವರು ಆಗ ತಲೆಯೆತ್ತಿದರು. ಸತ್ತವಳು ತಮ್ಮನ್ನೇ ನೋಡುತ್ತಿದ್ದಾಳೆ ಎಂದು ಕಂಡಾಗ ಮನುಷ್ಯನ ಮುಖ ಹೇಗಾಗುತ್ತದೆ ಎಂದು ನಾನು ಅವತ್ತು ನೋಡಿದೆ. ಬಾಗಿಲ ಕಡೆ ಎರಡು ಹೆಜ್ಜೆ ಹಿಂದೆ ಸರಿದರು.

"ನಿಂದ್ರೋ ತಮ್ಮಾ" ಎಂದಳು ಮುದುಕಿ. "ಅರ್ಧಕ್ಕ ಬಿಟ್ಟು ಹೊಂಟ್ಯಲ್ಲ? ಮುಂದ ಹೇಳು. ನಾ ಖರೇನ ಹೋದ ಮ್ಯಾಲೆ ನೀವೆಲ್ಲಾ ಏನೇನ ಅಂತೀರೋ, ನನಗೇನ ಕೇಳಸ್ತೈತೇನು? ಈಗ ಸಿಕ್ಕೈತಿ, ಕೇಳ್ತೇನಿ. ಹೂಂ."

ಸಾಹುಕಾರರು ಬೇಡವೆಂದರೂ ಮುದುಕಿ ಬಿಡಲಿಲ್ಲ. ಕೊನೆಗೆ ನಮ್ಮವರು ಹಾರವನ್ನು ಎದೆಗವಚಿಕೊಂಡು, ಮೌಖಿಕ ಪರೀಕ್ಷೆಗೆ ನಿಂತ ಹುಡುಗನಂತೆ ಒಪ್ಪಿಸತೊಡಗಿದರು. "ಹಸದು ಬಂದವರನ್ನ ಹೊಸ್ತಿಲದಿಂದ ತಿರುಗಿ ಕಳಿಸ್ಲಿಲ್ಲ..."

"ಸುಳ್ಳು. ಭಾಳ ಮಂದೀನ ಕಳಿಸೇನಿ."

"ಸೊಸ್ತೇರನ್ನ ಹೊಟ್ಟೀಲೆ ಹುಟ್ಟಿದವರಂಗ ನೋಡ್ಕೊಂಡಾಕಿ..."

ಅಡುಗೆಮನೆಯ ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. "ಯಾಕ ನಗ್ತೀರೇ?" ಎಂದು ಮುದುಕಿ ಅತ್ತ ಗದರಿ, "ಅದನ್ನ ಇರ್ಲಿ ಬಿಡು. ಸತ್ತಾಗ ಅಷ್ಟರೆ ಅನ್ಲಿ" ಎಂದು ಇತ್ತ ತಿರುಗಿದಳು. ಮುಗಿದ ಮೇಲೆ ಗಂಜಿಯ ಬಟ್ಟಲು ಕೆಳಗಿಟ್ಟು, "ನನ್ನ ಮಗನೂ ಇಷ್ಟ ಚಲೋ ಅಳಂಗಿಲ್ಲ. ಏನ ಬೇಕಾಗೇತಿ ನಿನಗ?" ಎಂದು ಕೇಳಿದಳು.

"ಏನೂ ಬ್ಯಾಡ್ರಿ ಅವ್ವಾರ" ಎಂದರು ಇವರು. ಸಿದ್ಧಾಂತ ಕೈಬಿಡಲಿಲ್ಲ.

ಸಾಹುಕಾರರೇ ಹೇಳಿದರು: "ಟೆಂಪರರಿ ಅದಾನವಾ. ಕಾಯಂ ಆಗ್ಬೇಕಂತ ತಿರಗ್ತಾನ."

ಮುದುಕಿ ಸ್ವಲ್ಪ ಹೊತ್ತು ಅವರನ್ನು ನೋಡಿದಳು. ಪೇಟೆಯಲ್ಲಿ ಕಾಳು ಕೈಯಲ್ಲಿ ಹಿಡಿದು ನೋಡುವವರು ಹೀಗೇ ನೋಡುತ್ತಾರೆ. "ಕಾಯಂ ಮಾಡಿದ್ರ ಇಂವ ಈ ಮನಿ ಕಡೆ ಮತ್ತ ಹಾಯ್ತಾನೇನು? ಹಾಯಂಗಿಲ್ಲ. ನಾ ಇರೋತನಕ ಹಿಂಗ ಇರ್ಲಿ. ನನ್ನ ಮಣ್ಣಿಗೆ ಬಂದು ಇದ್ನೆಲ್ಲಾ ಚಂದಗೆ ಅತ್ತು ಹೇಳ್ಲಿ. ಮರದಿವ್ಸ ಕಾಯಂ ಮಾಡು."

ಪಡಸಾಲೆ ತುಂಬ ನಗು. ಸಾಹುಕಾರರೂ ನಕ್ಕು, "ಹೂಂ ಅವ್ವಾ, ಹಂಗ ಮಾಡೂಣು" ಎಂದರು. ಒಂದು ಹುದ್ದೆಯ ಭರ್ತಿ ಹೀಗೆ ನಿರ್ಧಾರವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರ ಮುಖ ನೋಡಲು ಹೆದರಿ ಕಿಟಕಿಯ ಹೊರಗಿನ ಎರೆಹೊಲ ನೋಡುತ್ತ ಕೂತಿದ್ದೆ. ಅವರು ಗಡಿಯಾರ ಕಟ್ಟಿಕೊಂಡು, "ಹೆಂಗಾತ್ರಿ?" ಎಂದರು. "ಕಂಡೀಷನಲ್ ಆಫರ್ ಬಂತು!"

ಮುದುಕಿಗೆ ಅವತ್ತಿನಿಂದ ಹುಷಾರಾಗತೊಡಗಿತು.

ನನ್ನ ಮಿತ್ರರೊಬ್ಬರು ಈ ಕಥೆಯನ್ನು ಬೇರೆ ಕಡೆ ಹೇಳುವಾಗ, ಮುದುಕಿ ಅವರನ್ನು ಮಗನಂತೆ ಕಂಡಳು ಎಂದು ಸೇರಿಸುತ್ತಾರೆ. ನಾನು ಕಂಡದ್ದು ಅದಲ್ಲ. ಕಾಡಿಸಲು ಅವಳಿಗೊಬ್ಬ ಓದಿದ ಮನುಷ್ಯ ಸಿಕ್ಕಿದ್ದ. ಆಗಾಗ ಐತವಾರ ಕರೆಸಿಕೊಳ್ಳುತ್ತಿದ್ದಳು. ಭಾಷಣವನ್ನು ಮೊದಲಿನಿಂದ ಹೇಳಿಸಿ ತಿದ್ದುತ್ತಿದ್ದಳು. ಯಾವುದೋ ಗುಡಿಗೆ ಕಳಸ ಮಾಡಿಸಿದ ಮಾತನ್ನು ತೆಗೆಸಿದಳು. "ಅದು ನಮ್ಮ ಮನಿಯವ್ರು ಮಾಡ್ಸಿದ್ದು, ನಂದಲ್ಲ. ನನ್ನ ರೊಟ್ಟಿ ಬೀಸಣಿಕಿ ಅಷ್ಟ ಅಗಲ ಇರ್ತಿತ್ತಂತ ಹೇಳು." ಸೊಸೆಯರಿಗೆ ಭಾಷಣ ಬಾಯಿಪಾಠವಾಗಿ, ರೊಟ್ಟಿ ಬಡಿಯುತ್ತ ಗುನುಗುತ್ತಿದ್ದರಂತೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ನಮ್ಮ ಮೊದಲ ಪ್ರಶ್ನೆ: "ಮುದುಕಿ ಹೆಂಗದಾಳ್ರಿ?"

"ಗಟ್ಟಿ ಅದಾಳ್ರಿ" ಎನ್ನುತ್ತಿದ್ದರು ಮುಖ ಇಳಿಬಿಟ್ಟು. ಮತ್ತೆ ಚೇತರಿಸಿಕೊಂಡು, "ಆದ್ರ ನಿನ್ನೆ ಸೊಲ್ಪ ಕೆಮ್ಮಿದ್ಲು" ಎನ್ನುತ್ತಿದ್ದರು.

ನಾವು ಕ್ರೂರಿಗಳಾಗಿದ್ದೆವು. ಯಾರ ನೌಕರಿಯೂ ಭದ್ರವಿಲ್ಲದ ಕಡೆ ಮಂದಿ ಇರುವುದೇ ಹಾಗೆ. ಆದರೆ ನಮಗೂ ಅರ್ಥವಾಗದ್ದು ಒಂದಿತ್ತು. ಮುದುಕಿಯ ದಮ್ಮಿನ ಗುಳಿಗೆ ಲಕ್ಷ್ಮೇಶ್ವರದಲ್ಲಿ ಸಿಗುತ್ತಿರಲಿಲ್ಲ, ಗದಗಿನಿಂದ ಒಯ್ಯಬೇಕಿತ್ತು. ಒಯ್ಯುತ್ತಿದ್ದವರು ಇವರೇ. ಒಂದು ಸಲವೂ ಮರೆಯಲಿಲ್ಲ. "ನಿಮ್ಮ ಆರ್ಡರನ್ನ ನೀವ ಮುಂದ ದೂಡ್ತೀರಲ್ರಿ" ಎಂದು ನಾನು ಚುಚ್ಚಿದೆ.

"ನಾ ಎಂ.ಕಾಂ. ಮಾಡೇನಿ" ಎಂದರು ಗುಳಿಗೆಯ ಪೊಟ್ಟಣ ಕಿಸೆಗಿಡುತ್ತ. "ಲಾಭ ಲುಕ್ಸಾನದ ಮಾತು ನನಗ ಹೇಳ್ಬ್ಯಾಡ್ರಿ."

ಅವರ ಹೆಂಡತಿ ಮಾತ್ರ ನೇರವಾಗಿ ಕೇಳುತ್ತಿದ್ದರು. ಒಮ್ಮೆ ನನ್ನೆದುರಿಗೇ, "ಎಂಥಾ ನೌಕರಿರಿ ಇದು? ಇನ್ನೊಬ್ರ ಅವ್ವ ಸಾಯ್ಲೆಂತ ಕಾಯೂದು! ಮಗ್ಗ ಕೆಟ್ಟದ್ದೇನಿತ್ತು?" ಎಂದರು. ಒಳಗೆ ಅಣ್ಣನ ಮಗ್ಗ ಬಡಿಯುತ್ತಲೇ ಇತ್ತು. ಅದು ಕೆಟ್ಟದ್ದಾಗಿರಲಿಲ್ಲ, ಆದರೆ ಅದರ ಮುಂದೆ ಕೂತವನನ್ನು ಯಾರೂ ಸರ್ ಎನ್ನುತ್ತಿರಲಿಲ್ಲ. ಧಾರವಾಡದ ಕಡೆಯ ಎರಡು ಕಾಲೇಜುಗಳು ಕರೆದಿದ್ದ ಅರ್ಜಿಗಳನ್ನು ಆ ವರ್ಷಗಳಲ್ಲೇ ಅವರು ಕೈಬಿಟ್ಟರು. ಇಲ್ಲಿ ಮಾತಾಗಿದೆಯಲ್ಲ, ಎಂದರು. ವಯಸ್ಸಿನ ಮಿತಿ ದಾಟಿತು; ಸೇವೆಯಲ್ಲಿದ್ದವರೆಂಬ ರಿಯಾಯಿತಿ ಇದ್ದದ್ದು ನಮ್ಮ ಕಾಲೇಜಿನಲ್ಲಿ ಮಾತ್ರ. ಇನ್ನು ಲಕ್ಷ್ಮೇಶ್ವರದ ಆ ಮಂಚ ಬಿಟ್ಟರೆ ಅವರಿಗೆ ಬೇರೆ ಹಾದಿ ಇರಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಬೇಸಿಗೆಯಲ್ಲಿ ಮುದುಕಿ ಹೋದಳು. ಕಾಲೇಜಿಗೆ ಫೋನು ಬಂತು. ಪ್ರಿನ್ಸಿಪಾಲರು ಟೆಂಪೋ ಮಾಡಿಸಿ, ಊರಲ್ಲಿದ್ದ ನಮ್ಮನ್ನೆಲ್ಲ ತುಂಬಿಕೊಂಡು ಹೊರಟರು. ಅವರು ಬೆಟಗೇರಿಯಲ್ಲಿ ಮಗ್ಗದಿಂದ ಎದ್ದು ಬಂದವರು ಹಾಗೇ ಹತ್ತಿದರು. ಅಂಗಿಗೆ ನೂಲಿನ ಎಳೆಗಳು ಅಂಟಿದ್ದವು, ಗಡಿಯಾರ ಕೈಯಲ್ಲೇ ಇತ್ತು. ದಾರಿಯಲ್ಲಿ ಯಾರೋ ಬೆನ್ನು ತಟ್ಟಿ, "ಅಂತೂ ಕಾಯಂ ಆದ್ರಿ" ಎಂದಾಗ ಕೇಳಿಸದವರಂತೆ ಕೂತಿದ್ದರು.

ಮುದುಕಿಯನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿದ್ದರು. ಭಜನೆ ನಡೆದಿತ್ತು. ನಮ್ಮವರು ಒಳಗೆ ಬಂದುದನ್ನು ಕಂಡು ಸಾಹುಕಾರರು ಕೈ ಎತ್ತಿ ಭಜನೆ ನಿಲ್ಲಿಸಿದರು. ಹೆಂಗಸರು ಸೆರಗು ಸರಿಮಾಡಿಕೊಂಡು ತಿರುಗಿ ಕೂತರು. ಆ ಭಾಷಣಕ್ಕಾಗಿ ಇಡೀ ಮನೆ ಇಷ್ಟು ವರ್ಷ ಕಾದಿತ್ತು. ಅವರು ಮುದುಕಿಯ ಎದುರು ನಿಂತರು. ಬಾಯಿ ತೆರೆದರು. ಮುಚ್ಚಿದರು. ಸೊಸೆಯರಲ್ಲಿ ಒಬ್ಬಳು ಮೊದಲ ಸಾಲನ್ನು ಮೆಲ್ಲಗೆ ಹೇಳಿಕೊಟ್ಟಳು, ನಾಟಕದಲ್ಲಿ ಪರದೆಯ ಹಿಂದಿನಿಂದ ಹೇಳಿಕೊಡುವ ಹಾಗೆ. ಅವರು ಅದನ್ನೂ ಹಿಡಿಯಲಿಲ್ಲ.

ಆಮೇಲೆ ಅವರ ಬಾಯಿಂದ ಬಂದದ್ದು: "ಅವ್ವಾರ, ಕಾಯಂ ಮಾಡಸ್ರಿ."

ಹೀಗೆಂದು ನಾನು ಹೇಳುತ್ತೇನೆ. ನನ್ನ ಪಕ್ಕದಲ್ಲಿದ್ದ ಹಿಂದಿ ಮಾಸ್ತರರು, ಅವರು "ಅವ್ವಾರ" ಎಂದಷ್ಟೇ ಅಂದು ಕುಸಿದು ಕೂತರು ಎನ್ನುತ್ತಾರೆ. ನಾನು ನಿಂತದ್ದು ಬಾಗಿಲ ಹತ್ತಿರ, ಮಧ್ಯೆ ಮಂದಿ ಬಹಳ. ಆದರೆ ಹಿರಿಯ ಸೊಸೆ ತಡೆಯಲಾರದೆ ನಕ್ಕದ್ದು, ಮರುಗಳಿಗೆ, "ಅತ್ತಿ ಇದ್ದಿದ್ರ ಎಷ್ಟ ನಗ್ತಿದ್ಲು!" ಎಂದು ಗಟ್ಟಿಯಾಗಿ ಅಳತೊಡಗಿದ್ದು, ಇದನ್ನು ಹಿಂದಿ ಮಾಸ್ತರರೂ ಒಪ್ಪುತ್ತಾರೆ. ಸಾಹುಕಾರರು ನಮ್ಮವರ ಹೆಗಲು ಹಿಡಿದು, "ಮೊದ್ಲ ಮಣ್ಣು ಆಗ್ಲಿ, ಮಾಸ್ತರ" ಎಂದರು. ಕೇಳದೇ ಇದ್ದವನಿಗೆ ಯಾರಾದರೂ ಹಾಗೆ ಹೇಳುತ್ತಾರೆಯೇ?

ಜೂನಿನಲ್ಲಿ ಅವರು ಕಾಯಂ ಆದರು. ನಾನು ಟೆಂಪರರಿಯಾಗಿಯೇ ಉಳಿದೆ.

ಲಕ್ಷ್ಮೇಶ್ವರದಲ್ಲಿ ಇದಕ್ಕೊಂದು ಚಂದದ ಕೊನೆ ಹೊಲಿದಿದ್ದಾರೆ: ಮುದುಕಿ ಸಾಯುವ ಮೊದಲು ಮಗನನ್ನು ಕರೆದು, "ಅಂವ ಅತ್ರ ಕೊಡಬ್ಯಾಡ, ಬಾಯಿಬಿಟ್ಟು ಕೇಳಿದ್ರ ಕೊಡು" ಎಂದಿದ್ದಳಂತೆ. ನಾನು ನಂಬುವುದಿಲ್ಲ. ನಮ್ಮ ಕಾಲೇಜಿನ ಹೆಡ್ ಕ್ಲಾರ್ಕ್ ಹೇಳಿದ್ದು ಬೇರೆ, ಅದರಲ್ಲಿ ಚಂದವೇನೂ ಇಲ್ಲ. ಆ ಹುದ್ದೆಯನ್ನು ಸಾಹುಕಾರರು ಇಷ್ಟು ವರ್ಷ ಖಾಲಿ ಇಟ್ಟದ್ದು ತಂಗಿಯ ಮಗನಿಗಾಗಿ. ಅವನು ಧಾರವಾಡದಲ್ಲಿ ಎಂ.ಕಾಂ. ಓದುತ್ತಲೇ ಇದ್ದ, ಪಾಸಾಗುತ್ತಿರಲಿಲ್ಲ. ಆ ಬೇಸಿಗೆ ಪರೀಕ್ಷೆಯ ಗೊಡವೆ ಬಿಟ್ಟು ಅಪ್ಪನ ಹತ್ತಿ ವ್ಯಾಪಾರಕ್ಕೆ ಕೂತ. ಆ ವರ್ಷವೂ ಹುದ್ದೆ ತುಂಬದಿದ್ದರೆ ಸರಕಾರ ವಾಪಸು ಪಡೆಯುತ್ತಿತ್ತು. ಅಂದರೆ ಮುದುಕಿ ಇದ್ದಿದ್ದರೂ ಇವರು ಕಾಯಂ ಆಗುತ್ತಿದ್ದರು. ಆ ಹುಡುಗ ಪಾಸಾಗಿದ್ದರೆ ಯಾರು ಸತ್ತರೂ ಆಗುತ್ತಿರಲಿಲ್ಲ.

ಇದನ್ನು ನಾನು ಅವರಿಗೆ ಹೇಳಿದೆ. ಆ ವಾರ ನಡೆದ ಎರಡು ಸಂಗತಿಗಳು ನೆನಪಿವೆ, ಯಾವುದು ಮೊದಲೆಂದು ನೆನಪಿಲ್ಲ. ಒಂದು: ಕಾಲೇಜಿನ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಅವರು ನನ್ನ ಪಕ್ಕ ಕೂತು, "ಇರ್ಬಹುದು ಬಿಡ್ರಿ" ಎಂದರು. "ಆದ್ರ ನಾ ಹೇಳಿದ್ದನ್ನ ಪೂರಾ ಕೇಳಿ, ಇಲ್ಲಿ ತಪ್ಪೈತಿ ಅಂತ ತಿದ್ದಿದಾಕಿ ಆಕಿ ಒಬ್ಬಾಕಿನ. ಕ್ಲಾಸಿನ್ಯಾಗ ಯಾರ ಕೇಳ್ಯಾರ?" ನನ್ನ ನೆನಪು ಈ ಬೆಂಚನ್ನೇ ಕೊನೆಗೆ ತಳ್ಳಲು ನೋಡುತ್ತದೆ, ಯಾಕೆಂದರೆ ಹಾಗೆ ಮುಗಿಸಿದರೆ ಅವರೂ ದೊಡ್ಡವರಾಗುತ್ತಾರೆ, ನಾನೂ ಆಗುತ್ತೇನೆ. ಹಾಗಾಗಿ ಇನ್ನೊಂದನ್ನು ಕೊನೆಗಿಡುತ್ತೇನೆ.

ಬಸ್ ಸ್ಟ್ಯಾಂಡಿನಲ್ಲಿ ಇಸ್ತ್ರಿಯ ಬುಶ್‌ಕೋಟು ತೊಟ್ಟು ಮುಂಡರಗಿ ಬಸ್ಸಿನ ಕಿಟಕಿಯಲ್ಲಿ ಕೂತಿದ್ದರು. ಎಲ್ಲಿಗೆಂದು ಕೇಳಿದೆ.

"ಅಲ್ಲಿ ಕಾಲೇಜಿನ ಪ್ರಿನ್ಸಿಪಾಲ್ರು ರಿಟೈರ್ ಆಗಾಕ ಬಂದಾರ. ಅಧ್ಯಕ್ಷರ ಮಾವಗ ಲಕ್ವಾ ಹೊಡದೈತಂತ, ಮಾತಾಡ್ಸಿ ಬರ್ತೇನಿ."

"ಕಾಯಂ ಆತಲ್ರಿ! ಇನ್ನೂ ಯಾಕ?"

"ಕಾಯಂ ಅಂದ್ರ ಕುಂತಲ್ಲೇ ಕುಂಡ್ರೂದೇನ್ರಿ?" ಎಂದು ನಕ್ಕರು. ಬಸ್ಸು ಹೊರಟಿತು. ಅವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ನಿಮ್ಮ ಇಂಗ್ಲಿಷಿಂದೂ ಒಂದು ಪೋಸ್ಟ್ ಐತ್ರಿ ಅಲ್ಲೆ! ಜಲ್ದಿ ಬರ್ರಿ!"

ನಾನು ಓಡಿ ಹತ್ತಿದೆ.